ಹಾಲು ಸೀದರೂ ಮೂಗಿಗೆ ತಿಳಿಯದಿದ್ದರೆ

ನಿಮ್ಮ ತಾಯಿಗೆ 76 ವರ್ಷ, ವಾಸನೆ ನಿಧಾನವಾಗಿ ಕುಂದಿ ಈಗ ಹಾಲು ತಳ ಹಿಡಿದು ಸೀದರೂ ತಿಳಿಯುತ್ತಿಲ್ಲ ಎಂದಿದ್ದೀರಿ. ಹೆಚ್ಚಾಗಿ ಇದು ವಯಸ್ಸಿನದೇ ಕೆಲಸ. ಮೂಗಿನೊಳಗೆ ಮೇಲ್ಭಾಗದಲ್ಲಿರುವ ವಾಸನೆಯ ನರಕೋಶಗಳು ಸಾಯುತ್ತಲೇ ಇರುತ್ತವೆ. ಅವುಗಳ ಬುಡದ ಕಾಂಡಕೋಶಗಳು ಹೊಸದನ್ನು ಹುಟ್ಟಿಸುತ್ತವೆ. ಮುಪ್ಪಿನಲ್ಲಿ ಈ ಮರುಹುಟ್ಟು ಸೊರಗುತ್ತದೆ, ಅಲ್ಲಲ್ಲಿ ವಾಸನೆ ಗ್ರಹಿಸದ ಸಾಮಾನ್ಯ ಒಳಪೊರೆ ಆ ಜಾಗವನ್ನು ಆಕ್ರಮಿಸುತ್ತದೆ. ಮೂಗಿನಿಂದ ಬರುವ ಸುದ್ದಿ ಕಡಿಮೆಯಾದಂತೆ ಅದನ್ನು ಪಡೆಯುವ ಮಿದುಳಿನ ಆಲ್‌ಫ್ಯಾಕ್ಟರಿ ಬಲ್ಬ್ ಎಂಬ ಪುಟ್ಟ ಭಾಗವೂ ಕುಗ್ಗುತ್ತದೆ.

ಮೊದಲು ಗ್ಯಾಸ್ ನೋಡಿಕೊಳ್ಳಿ. ಎಲ್‌ಪಿಜಿಗೆ ಬೇಕೆಂದೇ ಬೆರೆಸುವ ದುರ್ವಾಸನೆ ಅವರ ಪಾಲಿಗೆ ಇಲ್ಲವೆಂದು ತಿಳಿದು ಸೋರಿಕೆ ಅಲಾರಂ ಹಾಕಿಸಿ. ಈ ಅನಿಲ ಗಾಳಿಗಿಂತ ಭಾರ, ಹಾಗಾಗಿ ಅಲಾರಂ ನೆಲದ ಹತ್ತಿರ ಇರಬೇಕು. (ನಾವು ಮೊದಲು ಚಾವಣಿಗೆ ಹೊಡೆಸಿದ್ದೆವು!) ಆಮೇಲೆ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ; ಸೈನಸ್, ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಂಟು) ಅಥವಾ ಯಾವುದೋ ಮಾತ್ರೆಯೂ ಕಾರಣವಾಗಿರಬಹುದು. ಜೊತೆಗೆ ಕೈನಡುಕವೋ ಮರೆವೋ ಇದ್ದರೆ ನರರೋಗ ತಜ್ಞರಿಗೂ ತೋರಿಸಿ, ಏಕೆಂದರೆ ಪಾರ್ಕಿನ್ಸನ್, ಆಲ್ಝೈಮರ್ ಕಾಯಿಲೆಗಳು ಮೊದಲು ವಾಸನೆಯನ್ನೇ ಕಸಿಯುವುದುಂಟು. ದೂರದಿಂದ ನಾನು ನಿರ್ಧರಿಸಲಾಗದ ಭಾಗ ಇದೇ.

ನಂತರ ಮೂಸುವ ಅಭ್ಯಾಸ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ. ಒಂದೊಂದನ್ನೂ ಸುಮಾರು 20 ಸೆಕೆಂಡು, ಬೆಳಿಗ್ಗೆ ಮತ್ತು ಸಂಜೆ, ಕನಿಷ್ಠ 12 ವಾರ. ಮೂಸುವಾಗ ಆ ಪರಿಮಳವನ್ನು ನೆನಪಿನಿಂದ ಎಳೆದು ತರಲು ಹೇಳಿ. ನನ್ನ ತಂದೆಗೆ ಲವಂಗ ಮರಳಿತು, ಗುಲಾಬಿ ಮರಳಲಿಲ್ಲ. ನಿಮ್ಮ ತಾಯಿಗೆ ಎಷ್ಟು ಮರಳುವುದೋ ಹೇಳಲಾರೆ. ಅಲ್ಲಿಯವರೆಗೆ ಫ್ರಿಜ್‌ನಲ್ಲಿಡುವ ಸಾರು, ಪಲ್ಯದ ಡಬ್ಬಗಳ ಮೇಲೆ ತಾರೀಕು ಬರೆದಿಡಿ.