ಅಂಡರ್ 16 ತಂಡದಲ್ಲಿ ಹೆಸರಿಲ್ಲ ಅಂದ್ರೆ ದಾರಿ ಮುಚ್ಚಿತಾ?

ನಮಸ್ಕಾರ. ಮಗ ಸಿಡ್ನಿ ಸ್ವಾನ್ಸ್ ಕ್ಲಬ್‌ನ ಯುವ ಆಟಗಾರರ ಅಕಾಡೆಮಿಯಲ್ಲಿದ್ದಾನೆ, ರಾಜ್ಯದ ಅಂಡರ್ 16 ತಂಡಕ್ಕೆ ಆಯ್ಕೆ ಆಗಲಿಲ್ಲ, ಇನ್ನು ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ಕನಸು ಬಿಡಬೇಕಾ ಅಂತ ಕೇಳಿದ್ದೀರಿ. ಖಂಡಿತ ಬಿಡಬೇಡಿ.

16ರಲ್ಲಿ ಎತ್ತರ, ತೂಕ ಮೊದಲೇ ಬಂದ ಹುಡುಗರು ಜಾಸ್ತಿ ಕಣ್ಣಿಗೆ ಬೀಳ್ತಾರೆ, ಅಲ್ವಾ? ಆದರೆ ಡ್ರಾಫ್ಟ್, ಅಂದ್ರೆ ಕ್ಲಬ್‌ಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳೋದು, ನಡೆಯೋದು ಹುಡುಗನಿಗೆ 18 ತುಂಬುವ ವರ್ಷ. ಎರಡು ವರ್ಷದಲ್ಲಿ ಮೈಕಟ್ಟು ಪೂರ್ತಿ ಬದಲಾಗುತ್ತೆ. ಅದೇ ಅಕಾಡೆಮಿಯ ಎರೋಲ್ ಗುಲ್ಡನ್ ಎತ್ತರದ ಆಟಗಾರ ಅಲ್ಲ. 2020ರ ಡ್ರಾಫ್ಟ್‌ನಲ್ಲಿ 32ನೇ ಆಯ್ಕೆ. 2023ರಲ್ಲಿ ಸ್ವಾನ್ಸ್‌ನ ವರ್ಷದ ಅತ್ಯುತ್ತಮ ಆಟಗಾರ ಅವರೇ.

ಒಂದು ವಿಷಯ ಮಾತ್ರ ಸರಿಯಾಗಿ ತಿಳ್ಕೊಳ್ಳಿ. ಅಕಾಡೆಮಿಯಲ್ಲಿ ಇದ್ದ ಮಾತ್ರಕ್ಕೆ ಕಾಂಟ್ರ್ಯಾಕ್ಟ್ ಸಿಗೋದಿಲ್ಲ. ಬೇರೆ ಕ್ಲಬ್ ಅವನಿಗೆ ಬಿಡ್ ಮಾಡಿದಾಗ, ಅಂದ್ರೆ ತನ್ನ ಸರದಿಯಲ್ಲಿ ಅವನ ಹೆಸರು ಹೇಳಿದಾಗ, ಸ್ವಾನ್ಸ್ ತನ್ನ ಡ್ರಾಫ್ಟ್ ಆಯ್ಕೆಗಳನ್ನು ಬಿಟ್ಟುಕೊಟ್ಟು ಅವನನ್ನು ಉಳಿಸಿಕೊಳ್ಳಬಹುದು, ಅಷ್ಟೇ. ಅದೇ ಅಕಾಡೆಮಿಯ ಐಸಾಕ್ ಹೀನಿಗೆ 2014ರಲ್ಲಿ ಮೆಲ್ಬರ್ನ್ ಕ್ಲಬ್ 2ನೇ ಆಯ್ಕೆಗೆ ಬಿಡ್ ಮಾಡಿತ್ತು, ಸ್ವಾನ್ಸ್ ತನ್ನ 18ನೇ ಆಯ್ಕೆ ಕೊಟ್ಟು ಇಟ್ಟುಕೊಂಡಿತು.

ಮುಂದಿನ ದೊಡ್ಡ ವೇದಿಕೆ ಅಂಡರ್ 18 ರಾಷ್ಟ್ರೀಯ ಚಾಂಪಿಯನ್‌ಶಿಪ್. ಅಲ್ಲಿ ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್, ಟ್ಯಾಸ್ಮೇನಿಯಾ ಮುಂತಾದ ಕಡೆಯ ಹುಡುಗರು ಸೇರಿ ಅಲೈಸ್ ಅನ್ನೋ ಒಂದೇ ತಂಡ. ಪೈಪೋಟಿ ಜೋರಾಗಿರುತ್ತೆ. 2023ರಲ್ಲಿ ಅವರೇ ಗೆದ್ದರು!

ಈಗ ಕೋಚ್ ಹತ್ರ ಸುಮ್ನೆ "ಯಾಕೆ ತಗೊಳ್ಳಲಿಲ್ಲ" ಅಂತ ಕೇಳಬೇಡಿ. ಓಡ್ತಾ ಎಡಗಾಲಲ್ಲಿ ಒದ್ದಾಗ ಚೆಂಡು ಎದೆ ಮಟ್ಟಕ್ಕೆ ಹೋಗ್ತಿದೆಯಾ, ನೆಲದ ಚೆಂಡನ್ನು ಒಂದೇ ಸಲಕ್ಕೆ ಎತ್ತುತ್ತಾನಾ, ಹೀಗೆ ಬಿಡಿಸಿ ಕೇಳಿ. ಮಗನೇ ಕೇಳಿದರೆ ಇನ್ನೂ ಒಳ್ಳೆಯದು.