ಔಟ್‌ಬೋರ್ಡ್ ಡ್ರ್ಯಾಗ್ ರೇಸ್: ಎಂಜಿನ್ನಿಗಿಂತ ಮೊದಲು ಟ್ರಾನ್ಸಮ್ ನೋಡಿ

ಹ್ಯೂಸ್ಟನ್‌ನ ಮಿತ್ರರಿಗೆ ನಮಸ್ಕಾರ. 18 ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು 2.5 ಲೀಟರಿನ, 200 ಅಶ್ವಶಕ್ತಿಯ ಮರ್ಕ್ಯುರಿ ಟು-ಸ್ಟ್ರೋಕ್ ಎಂಜಿನ್ ಸಮೇತ ಕೊಂಡಿರುವುದಾಗಿ ಬರೆದು, ಅದನ್ನು ಡ್ರ್ಯಾಗ್ ರೇಸಿಗೆ ಇಳಿಸಲು ಎಷ್ಟು ಖರ್ಚಾದೀತು, ಯಾವ ನಿಯಮಗಳಿವೆ, ಈ ಆಟ ಇನ್ನೆಷ್ಟು ಕಾಲ ಉಳಿದೀತು ಎಂದು ಕೇಳಿದ್ದೀರಿ. ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಳ್ಳಿ ಎಂಬ ಸಲಹೆ ನಿಮ್ಮ ಪ್ರಶ್ನೆಯ ಕೆಳಗೆ ಆಗಲೇ ಮೂವರಿಂದ ಬಂದಿದೆ. ನಾನು ಹೇಳಲಿರುವುದು ಅದಕ್ಕೆ ತದ್ವಿರುದ್ಧ. ಮೊದಲ ಎರಡು ವರ್ಷ ಎಂಜಿನ್ನಿನ ಗೋಜಿಗೆ ಹೋಗಬೇಡಿ; ಕೈಯಲ್ಲಿರುವ ಹಣವನ್ನು ಹೊರಗೆ ತೂಗುವ (ಔಟ್‌ಬೋರ್ಡ್) ಎಂಜಿನ್ನನ್ನು ಹೊರುವ ದೋಣಿಯ ಹಿಂಬದಿಯ ಗೋಡೆಗೆ, ಅಂದರೆ ಟ್ರಾನ್ಸಮ್‌ಗೆ, ಸ್ಟೀರಿಂಗಿಗೆ ಮತ್ತು ನಿಮ್ಮ ಮೈಮೇಲಿನ ರಕ್ಷಣೆಗೆ ಹಾಕಿ, ನಿಗದಿತ ಸಮಯದ ತರಗತಿಯಲ್ಲಿ ಓಡಿಸಿ.

ನಾನು ಗಂಗೊಳ್ಳಿಯವನು. ನಾಡದೋಣಿಗೆ ಕಟ್ಟಿದ ಸಣ್ಣ ಔಟ್‌ಬೋರ್ಡ್ ಎಂಜಿನ್ನಿನ ಪ್ಲಗ್ ಬಿಚ್ಚಿ ಒರೆಸಿ ಹಾಕುವುದನ್ನು ಅಪ್ಪಯ್ಯನಿಂದ ಕಲಿತವನು. ಟೆಕ್ಸಸಿಗೆ ಬಂದ ಮೇಲೆ ಒಂಬತ್ತು ಹಂಗಾಮು ಇಲ್ಲಿನ ಸಣ್ಣ ಕೂಟಗಳಲ್ಲಿ ಓಡಿಸಿದ್ದೇನೆ. ಕೆಳಗಿನ ಬೆಲೆಗಳಲ್ಲಿ ಹೆಚ್ಚಿನವು ನನ್ನ ಜೇಬಿನಿಂದ ಹೋದವು, ನಿಮಗೆ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು.

ಈ ಆಟ ನೋಡಿರದ ಓದುಗರಿಗಾಗಿ ಒಂದು ಮಾತು. ಇದು ನೀರಿನ ಮೇಲಿನ ಜೋಡುಕರೆ ಕಂಬಳವೆಂದರೆ ತಪ್ಪಾಗದು. ಅಕ್ಕಪಕ್ಕದ ಎರಡು ಸಾಲುಗಳಲ್ಲಿ ಎರಡು ದೋಣಿಗಳು ನೇರವಾಗಿ ಓಡುತ್ತವೆ. ಹಳೆಯ ಲೆಕ್ಕದಲ್ಲಿ ಅಂತರ ಕಾಲು ಮೈಲಿ, ಅಂದರೆ 402 ಮೀಟರ್. ಅತಿ ವೇಗದ ತರಗತಿಗಳಿಗೆ ಅದನ್ನು 1000 ಅಡಿಗೆ ಇಳಿಸಿದ್ದಾರೆ. ಸಣ್ಣ ಕೂಟಗಳಲ್ಲಿ ಮೈಲಿಯ ಎಂಟನೆಯ ಒಂದು ಭಾಗ, 201 ಮೀಟರ್, ಸಾಮಾನ್ಯ. ಕಂಬಳದ ಗಂತಿನಲ್ಲಿ, ಅಂದರೆ ಓಟ ಶುರುವಾಗುವ ಜಾಗದಲ್ಲಿ, ಕೋಣಗಳನ್ನು ಹಿಡಿದು ನಿಲ್ಲಿಸಿದಂತೆ ದೋಣಿಯನ್ನು ನೀರಿನಲ್ಲಿ ನಿಲ್ಲಿಸಲು ಬರುವುದಿಲ್ಲವಾದ್ದರಿಂದ, ನಿಧಾನವಾಗಿ ಗೆರೆಯತ್ತ ತೇಲಿ ಬಂದು, ದೀಪ ಹಸಿರಾಗುವ ಕ್ಷಣಕ್ಕೆ ಸರಿಯಾಗಿ ಥ್ರಾಟಲ್ ಒತ್ತಬೇಕು. ಗಾಳಿ ಹಿಂದಿನಿಂದ ಬೀಸಿದರೆ ಆ ತೇಲುವಿಕೆಯ ಲೆಕ್ಕವೇ ತಪ್ಪುತ್ತದೆ, ಮತ್ತು ದೀಪಕ್ಕೆ ಮೊದಲೇ ಗೆರೆ ದಾಟಿದವನು ಎಷ್ಟು ವೇಗವಾಗಿ ಓಡಿದರೂ ಸೋತಂತೆ.

ತರಗತಿಗಳ ವಿಷಯವೂ ಕಂಬಳದಂತೆಯೇ. ಅಲ್ಲಿ ನೇಗಿಲು ಕಿರಿಯದ ಜೋಡಿಯನ್ನು ಹಗ್ಗ ಹಿರಿಯದ ಎದುರು ಬಿಡುವುದಿಲ್ಲ, ಇಲ್ಲಿಯೂ ಹಾಗೆಯೇ. ಒಂದು ಬಗೆಯ ತರಗತಿಗಳಲ್ಲಿ ಮೊದಲು ತಲುಪಿದವನೇ ಗೆದ್ದವನು. ಅಲ್ಲಿ ಹಣದ ಚೀಲಕ್ಕೆ ತಳವಿಲ್ಲ. ಇನ್ನೊಂದು ಬಗೆಯಲ್ಲಿ ತರಗತಿಗೆ ಒಂದು ಸಮಯ ನಿಗದಿಯಾಗಿರುತ್ತದೆ. ಆ ಸಮಯ 10 ಸೆಕೆಂಡ್ ಎಂದು ಇಟ್ಟುಕೊಂಡರೆ, 10.03ರಲ್ಲಿ ತಲುಪಿದವನು ಉಳಿಯುತ್ತಾನೆ, 9.98ರಲ್ಲಿ ತಲುಪಿದವನು ಮಿತಿ ಮೀರಿದನೆಂದು ಹೊರಬೀಳುತ್ತಾನೆ. ದೋಣಿ ಪ್ರತಿ ಸಲವೂ ಒಂದೇ ರೀತಿ ಓಡುವಂತೆ ಇಟ್ಟುಕೊಳ್ಳುವುದೇ ಇಲ್ಲಿನ ಜಾಣತನ. ಸಂಬಳದ ಹಣದಲ್ಲಿ ಆಡುವವರಿಗೆ ಇದೇ ಅಂಗಳ.

ಇನ್ನು ಖರ್ಚು. ಪೆಟ್ರೋಲಿಗೆ ಹಣವೆಲ್ಲ ಹೋಗುತ್ತದೆ ಎಂದು ಹೊಸಬರು ಭಾವಿಸುತ್ತಾರೆ, ಅದು ತಪ್ಪು. 200 ಅಶ್ವಶಕ್ತಿಯ ಎಂಜಿನ್ ಪೂರ್ತಿ ಥ್ರಾಟಲಿನಲ್ಲಿ ಗಂಟೆಗೆ ಸುಮಾರು 20 ಗ್ಯಾಲನ್ ಕುಡಿಯುತ್ತದೆ ಎಂಬುದು ಇಲ್ಲಿನವರ ಬಾಯಿಲೆಕ್ಕ. ಆ ಪ್ರಕಾರ 12 ಸೆಕೆಂಡಿನ ಒಂದು ಓಟಕ್ಕೆ ಬೇಕಾದದ್ದು ಕಾಲು ಲೀಟರ್. ಹ್ಯೂಸ್ಟನ್‌ನಿಂದ ಕೂಟ ನಡೆಯುವ ಮಾರ್ಬಲ್ ಫಾಲ್ಸ್ ಊರಿಗೆ ಸುಮಾರು 200 ಮೈಲಿ ದೋಣಿ ಎಳೆದುಕೊಂಡು ಹೋಗಿ ಬರುವ ಪಿಕಪ್ ಟ್ರಕ್ಕೇ 40 ಗ್ಯಾಲನ್ ಕುಡಿದಿರುತ್ತದೆ. ಅದರ ಮೇಲೆ ಹೋಟೆಲ್ ಕೊಠಡಿ, ಪ್ರವೇಶ ಶುಲ್ಕ, ಟ್ರೇಲರಿನ ಟೈರು. ಒಂದು ವಾರಾಂತ್ಯಕ್ಕೆ 500ರಿಂದ 700 ಡಾಲರ್ ಹೋಗುವುದು ಹೀಗೆ.

ದೋಣಿಗೆ ಹಾಕಬೇಕಾದದ್ದರಲ್ಲಿ ಮೊದಲನೆಯದು ಟ್ರಾನ್ಸಮ್. ಹಳೆಯ ಫೈಬರ್ ದೋಣಿಗಳಲ್ಲಿ ಅದರ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ರಂಧ್ರಗಳಿಂದ ವರ್ಷಗಟ್ಟಲೆ ನೀರಿಳಿದು ಅದು ಹೊರಗೆ ಕಾಣದಂತೆ ಕೊಳೆಯುತ್ತದೆ. ಎಂಜಿನ್ನನ್ನು ಓಡುವ ಭಂಗಿಗೆ ಇಳಿಸಿ, ಹಿಂದೆ ನಿಂತು, ಕೆಳಗಿನ ಗೇರ್‌ಕೇಸನ್ನು ಕೈಯಿಂದ ಎತ್ತಿ ಒತ್ತಿ ನೋಡಿ. ಟ್ರಾನ್ಸಮ್ ಉಸಿರಾಡಿದಂತೆ ಅಲುಗಿದರೆ ಆ ದೋಣಿ ಸದ್ಯಕ್ಕೆ ರೇಸಿಗಲ್ಲ. ಸಂಶಯವಿದ್ದರೆ ಒಳಬದಿಯಲ್ಲಿ, ತಳಕ್ಕೆ ಹತ್ತಿರವಾಗಿ, ಸಣ್ಣದೊಂದು ತೂತು ಕೊರೆಯಿರಿ. ಡ್ರಿಲ್ಲಿನ ತುದಿಗೆ ಒಣ ಹೊಟ್ಟು ಬಂದರೆ ಎಪಾಕ್ಸಿ ತುಂಬಿ ಮುಚ್ಚಿಬಿಡಿ. ನೆನೆಸಿಟ್ಟ ಹಿಂಡಿಯಂತಹ ಕಪ್ಪು ಮುದ್ದೆ ಬಂದರೆ ಟ್ರಾನ್ಸಮ್ ಹೊಸದಾಗಿ ಕಟ್ಟಲೇಬೇಕು. ನಾನೇ ಕಟ್ಟಿಕೊಂಡಾಗ ಸಾಮಾನಿಗೆ 800 ಡಾಲರ್ ಮತ್ತು ಆರು ವಾರಾಂತ್ಯ ತಗುಲಿತು. ವರ್ಕ್‌ಶಾಪಿನವರು ಕೇಳಿದ್ದು 3,500.

ಎರಡನೆಯದು ಸ್ಟೀರಿಂಗ್. ಒಂದೇ ಕೇಬಲಿನ ಹಳೆಯ ಸ್ಟೀರಿಂಗಿನಲ್ಲಿ ಸ್ವಲ್ಪ ಸಡಿಲವಿದ್ದರೂ ಗಂಟೆಗೆ 60 ಮೈಲಿ ದಾಟುತ್ತಿದ್ದಂತೆ ದೋಣಿ ತಳದ ಕಿರಿದಾದ ಪಟ್ಟಿಯ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಾಡತೊಡಗುತ್ತದೆ. ಇಲ್ಲಿ ಇದನ್ನು ಚೈನ್ ವಾಕ್ ಎನ್ನುತ್ತಾರೆ. ಎರಡು ಕೇಬಲಿನ ಅಥವಾ ಹೈಡ್ರಾಲಿಕ್ ಸ್ಟೀರಿಂಗಿಗೆ ಸುಮಾರು 1,000 ಡಾಲರ್. ಕಾಲಿನಿಂದ ಒತ್ತುವ, ಕಾಲೆತ್ತಿದ ಕೂಡಲೇ ತಾನೇ ಹಿಂದೆ ಬರುವ ಥ್ರಾಟಲಿಗೆ 250. ಹೆಲ್ಮೆಟ್, ರೇಸಿಂಗ್ ಲೈಫ್ ಜಾಕೆಟ್, ಕುತ್ತಿಗೆಯ ಆಸರೆ ಸೇರಿ ನನಗೆ 1,200 ಬಿತ್ತು. ಇವೆಲ್ಲ ಆದ ಮೇಲೆ ಹಣ ಉಳಿದಿದ್ದರೆ ಎಂಜಿನ್ನನ್ನು ಏರಿಸಿ ಇಳಿಸುವ ಹೈಡ್ರಾಲಿಕ್ ಜ್ಯಾಕ್ ಪ್ಲೇಟ್ ಕೊಳ್ಳಿ, ಸುಮಾರು 900.

ಪ್ರೊಪೆಲ್ಲರ್ ಎಂಬುದೇ ಒಂದು ಚಟ. ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್ ಪ್ರೊಪೆಲ್ಲರಿಗೆ 700 ಡಾಲರ್ ಕೊಡುವ ಮೊದಲು ಒಂದು ಲೆಕ್ಕ ಮಾಡಿ: ಎಂಜಿನ್ನಿನ ಆರ್‌ಪಿಎಮ್ಮನ್ನು ಪ್ರೊಪೆಲ್ಲರಿನ ಪಿಚ್‌ನಿಂದ (ಒಂದು ಸುತ್ತಿಗೆ ಅದು ಮುಂದೆ ಹೋಗಬೇಕಾದ ಇಂಚುಗಳು) ಗುಣಿಸಿ, ಗೇರ್ ಅನುಪಾತದಿಂದಲೂ 1056ರಿಂದಲೂ ಭಾಗಿಸಿದರೆ, ನೀರು ಜಾರದೇ ಇದ್ದಿದ್ದರೆ ಬರಬೇಕಾದ ವೇಗ ಗಂಟೆಗೆ ಮೈಲಿಗಳಲ್ಲಿ ಸಿಗುತ್ತದೆ. 5800 ಆರ್‌ಪಿಎಂ, 26 ಇಂಚಿನ ಪಿಚ್, 1.87ರ ಗೇರ್ ಎಂದರೆ 76.4 ಮೈಲಿ. ಜಿಪಿಎಸ್‌ನಲ್ಲಿ 68 ಕಂಡರೆ ಜಾರಿಕೆ ಶೇಕಡಾ 11. ಆಗ ಹೊಸ ಪ್ರೊಪೆಲ್ಲರಿಗಿಂತ ಮೊದಲು ಎಂಜಿನ್ನನ್ನು ಅರ್ಧರ್ಧ ಇಂಚು ಮೇಲೇರಿಸುತ್ತಾ ನೋಡಬೇಕು, ಆದರೆ ಪ್ರತಿ ಸಲವೂ ಕಣ್ಣು ನೀರಿನ ಒತ್ತಡದ ಮೀಟರಿನ ಮೇಲಿರಬೇಕು, ಏಕೆಂದರೆ ತಂಪು ನೀರನ್ನು ಹೀರುವ ರಂಧ್ರಗಳು ಮೇಲೆ ಬಂದರೆ ಎಂಜಿನ್ ಬೇಯುತ್ತದೆ.

ಎಂಜಿನ್ ಬೇಯಿಸಿದ ಅನುಭವ ನನಗೂ ಇದೆ, ಆದರೆ ಕಾರಣ ಬೇರೆ. ನಾಲ್ಕನೆಯ ಹಂಗಾಮಿನಲ್ಲಿ ಮೂರನೆಯ ಸುತ್ತಿಗೆ ಗೆರೆಯತ್ತ ತೇಲಿ ಹೋಗುವಾಗ ಪೆಟ್ರೋಲ್ ಕೊಳವೆಯ ನಡುವಿನ ರಬ್ಬರ್ ಬಲ್ಬು ಮೆತ್ತಗಾಗಿ, ಒಣಗಿದ ಹಾಗಲಕಾಯಿಯಂತೆ ಒಳಕ್ಕೆ ಚಪ್ಪಟೆಯಾಗಿತ್ತು. ನೋಡಿಯೂ ಸುಮ್ಮನಾದೆ. ಕೊಳವೆಯ ಒಳಪದರ ಎಥನಾಲ್ ಬೆರೆತ ಪೆಟ್ರೋಲಿಗೆ ಸುಲಿದು ದಾರಿ ಕಟ್ಟಿತ್ತು. ಎಂಜಿನ್ನಿಗೆ ಪೆಟ್ರೋಲು, ಅದರೊಂದಿಗೆ ಬರುವ ಎಣ್ಣೆ, ಎರಡೂ ಕಡಿಮೆಯಾಗಿ ಓಟದ ನಡುವೆಯೇ ಒಂದು ಪಿಸ್ಟನ್ನಿನ ತಲೆಯಲ್ಲಿ ಹುಣಸೆ ಬೀಜದಷ್ಟು ತೂತು ಬಿತ್ತು. 30 ಡಾಲರಿನ ಕೊಳವೆ ಬದಲಿಸದ್ದಕ್ಕೆ ತೆತ್ತದ್ದು 4,200. ಅಪ್ಪಯ್ಯನಿಗೆ ಫೋನಿನಲ್ಲಿ ಹೇಳಿದಾಗ, ಕೊಳವೆ ನೋಡದೆ ಕಡಲಿಗೆ ಯಾರು ಹೋಗುತ್ತಾರೆ ಎಂದಷ್ಟೇ ಕೇಳಿದರು. ಈಗ ಪ್ರತಿ ಹಂಗಾಮಿಗೂ ಕೊಳವೆ, ಬಲ್ಬು, ನೀರಿನ ಪಂಪಿನ ರಬ್ಬರ್ ಚಕ್ರ, ಗೇರ್ ಎಣ್ಣೆ ಇವಿಷ್ಟನ್ನು ಕಣ್ಣುಮುಚ್ಚಿ ಬದಲಿಸುತ್ತೇನೆ.

ನಿಯಮಗಳಿಗೆ ಬರೋಣ. ಟೆಕ್ಸಸಿನಲ್ಲಿ ಔಟ್‌ಬೋರ್ಡ್ ಎಂಜಿನ್ನಿಗೆ ದೋಣಿಯಿಂದ ಬೇರೆಯಾದ ಸ್ವಂತ ಟೈಟಲ್, ಅಂದರೆ ಮಾಲೀಕತ್ವದ ಪತ್ರ, ಇರುತ್ತದೆ. ಮಾರಿದವರು ದೋಣಿಯ ಕಾಗದ ಮಾತ್ರ ಕೊಟ್ಟಿದ್ದರೆ ಎಂಜಿನ್ನಿನ ಕಾಗದಕ್ಕಾಗಿ ಇವತ್ತೇ ಅವರ ಬೆನ್ನು ಹತ್ತಿ; ಎಂಜಿನ್ನಿನ ಮೇಲಿನ ಸಂಖ್ಯೆಯೂ ಕಾಗದದ ಸಂಖ್ಯೆಯೂ ಒಂದೇ ಇರಬೇಕು. 1993ರ ಸೆಪ್ಟೆಂಬರ್ 1ರಂದು ಅಥವಾ ಅನಂತರ ಹುಟ್ಟಿದವರು 15 ಅಶ್ವಶಕ್ತಿ ಮೀರಿದ ದೋಣಿ ನಡೆಸಲು ತರಬೇತಿಯ ಪ್ರಮಾಣಪತ್ರ ಪಡೆದಿರಬೇಕು. ಚಾಲಕನ ಮೈಗೆ ಕಟ್ಟಿದ, ಅವನು ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗ ರೇಸಿನಲ್ಲಿ ಕಡ್ಡಾಯ. 2021ರ ಏಪ್ರಿಲ್ 1ರಿಂದ ಅಮೆರಿಕದ ಒಕ್ಕೂಟ ಕಾನೂನೇ 26 ಅಡಿಗಿಂತ ಚಿಕ್ಕ ದೋಣಿಗಳು ವೇಗವಾಗಿ ಓಡುವಾಗ ಅದನ್ನು ಬಳಸಬೇಕೆನ್ನುತ್ತದೆ. 20 ಅಡಿಗಿಂತ ಚಿಕ್ಕ ದೋಣಿಯಲ್ಲಿ ಗರಿಷ್ಠ ಅಶ್ವಶಕ್ತಿ ಬರೆದ ಫಲಕವೊಂದು ಇರುತ್ತದೆ. ಅದರಲ್ಲಿ 150 ಎಂದಿದ್ದು ನೀವು 200 ತೂಗಿಸಿದ್ದರೆ ವಿಮೆಯವರೊಂದಿಗೆ ಮೊದಲೇ ಮಾತಾಡಿ. ಕೆರೆಯಿಂದ ಹೊರಬರುವಾಗ ದೋಣಿಯ ನೀರೆಲ್ಲ ಬಸಿಯಬೇಕೆಂಬುದು ಜೀಬ್ರಾ ಮಸಲ್ ಎಂಬ ಚಿಪ್ಪುಹುಳ ಹರಡದಿರಲೆಂದು 2014ರಿಂದ ಟೆಕ್ಸಸಿನ ಎಲ್ಲೆಡೆ ಇರುವ ನಿಯಮ.

ಕೂಟದ ನಿಯಮಗಳನ್ನು ಆಯಾ ಸಂಘದ ಪುಸ್ತಕದಲ್ಲಿಯೇ ಓದಬೇಕು. ಅಮೆರಿಕನ್ ಪವರ್ ಬೋಟ್ ಅಸೋಸಿಯೇಷನ್ 1903ರಿಂದ ಇದೆ, ಟೆಕ್ಸಸಿನ ಕಡೆ ಸದರ್ನ್ ಡ್ರ್ಯಾಗ್ ಬೋಟ್ ಅಸೋಸಿಯೇಷನ್ ಇದೆ. ಒಂದು ಸಂಗತಿಯನ್ನು ಮಾತ್ರ ಇಲ್ಲಿಯೇ ಹೇಳುತ್ತೇನೆ, ಏಕೆಂದರೆ ಕಾರಿನ ಅಭ್ಯಾಸದವರು ತಪ್ಪುವುದು ಇಲ್ಲಿ. ತೆರೆದ ದೋಣಿಯಲ್ಲಿ ಸೀಟ್ ಬೆಲ್ಟ್ ಕಟ್ಟಿಕೊಳ್ಳಬಾರದು. ದೋಣಿ ಮಗುಚಿದರೆ ಹೊರಕ್ಕೆ ಎಸೆಯಲ್ಪಡುವುದೇ ಅಲ್ಲಿ ಬದುಕುವ ದಾರಿ. ಬೆಲ್ಟ್ ಇರುವುದು ಗಟ್ಟಿ ಕೋಶದೊಳಗೆ ಕುಳಿತು ಓಡಿಸುವವರಿಗೆ, ಅವರಿಗೆ ಉಸಿರಾಟದ ಗಾಳಿಯ ವ್ಯವಸ್ಥೆಯೂ ಬೇಕು, ತಲೆಕೆಳಗಾಗಿ ನೀರಿನಲ್ಲಿ ಮುಳುಗಿಸಿದಾಗ ತಾವೇ ಬಿಚ್ಚಿಕೊಂಡು ಹೊರಬರುವ ಪರೀಕ್ಷೆಯನ್ನೂ ಪಾಸಾಗಬೇಕು.

ಭವಿಷ್ಯದ ಪ್ರಶ್ನೆಗೆ ಸಿಹಿ ಉತ್ತರ ನನ್ನಲ್ಲಿಲ್ಲ. ಡ್ರ್ಯಾಗ್ ದೋಣಿಗಳ ದೊಡ್ಡ ರಾಷ್ಟ್ರೀಯ ಸರಣಿಯಾಗಿದ್ದ ಲೂಕಾಸ್ ಆಯಿಲ್ ಸರಣಿ 2018ರ ಹಂಗಾಮಿನೊಂದಿಗೆ ನಿಂತಿತು. ಉಳಿದದ್ದು ರಾಜ್ಯ ಮಟ್ಟದ ಸಂಘಗಳು ಮತ್ತು ಮಾರ್ಬಲ್ ಫಾಲ್ಸ್‌ನ ಲೇಕ್‌ಫೆಸ್ಟ್‌ನಂತಹ ಊರ ಹಬ್ಬಗಳು. ಸಂಘಟಕರ ಹೊರೆ ಓಡಿಸುವವರಿಗೆ ಕಾಣುವುದಿಲ್ಲ. ಒಕ್ಕೂಟದ ಜಲಮಾರ್ಗವಾದರೆ ಹೊಸ ಕೂಟಕ್ಕೆ ಕೋಸ್ಟ್ ಗಾರ್ಡಿಗೆ 135 ದಿನ ಮೊದಲೇ ಅರ್ಜಿ ಕೊಡಬೇಕು. ಅದೇ ಕೂಟ ಮತ್ತೆ ನಡೆಯುವುದಾದರೆ 60 ದಿನ ಸಾಕು. ಆಮೇಲೆ ವಿಮೆ, ಆಂಬುಲೆನ್ಸ್, ಮುಳುಗುಗಾರರಿರುವ ರಕ್ಷಣಾ ದೋಣಿ. ಮಳೆ ಕೈಕೊಟ್ಟು ಕೆರೆಯ ನೀರು ಇಳಿದರೆ ಈ ಎಲ್ಲ ಓಡಾಟವೂ ವ್ಯರ್ಥ.

ಎಂಜಿನ್ನಿನ ಕಥೆ ಇನ್ನೂ ಬಿಗಿಯಾಗಿದೆ. ಅಮೆರಿಕದ ಪರಿಸರ ಸಂಸ್ಥೆ 1996ರಲ್ಲಿ ತಂದ ಹೊಗೆಯ ನಿಯಮದಿಂದ ಹಳೆಯ ಮಾದರಿಯ ಟು-ಸ್ಟ್ರೋಕುಗಳು ಮಾರುಕಟ್ಟೆಯಿಂದ ಹಂತಹಂತವಾಗಿ ಸರಿದವು. ಮರ್ಕ್ಯುರಿ 2018ರಲ್ಲಿ ಆಪ್ಟಿಮ್ಯಾಕ್ಸ್ ಎಂಬ ತನ್ನ ಟು-ಸ್ಟ್ರೋಕ್ ಎಂಜಿನ್ನುಗಳ ತಯಾರಿಕೆ ನಿಲ್ಲಿಸಿತು. 1909ರಿಂದ ನಡೆದು ಬಂದ ಎವಿನ್ರೂಡ್ ಹೆಸರಿನ ಔಟ್‌ಬೋರ್ಡುಗಳ ತಯಾರಿಕೆ 2020ರ ಮೇ ತಿಂಗಳಲ್ಲಿ ಕೊನೆಗೊಂಡಿತು. ನಿಮ್ಮ 2.5 ಲೀಟರಿನ ಎಂಜಿನ್ನಿಗೆ ಪಿಸ್ಟನ್, ಗ್ಯಾಸ್ಕೆಟ್ ಈಗಲೂ ಸಿಗುತ್ತವೆ. ಗೇರ್‌ಕೇಸಿನ ಕವಚ, ಕ್ರ್ಯಾಂಕ್‌ನಂತಹ ದೊಡ್ಡ ಭಾಗಗಳಿಗೆ ಹಳೆಯ ಎಂಜಿನ್ ಕೊಂಡು ಬಿಚ್ಚುವುದೇ ಹೆಚ್ಚಿನವರ ದಾರಿಯಾಗಿದೆ. ಮರ್ಕ್ಯುರಿಯದೇ ಹೊಸ ಫೋರ್-ಸ್ಟ್ರೋಕ್ ಎಂಜಿನ್ 300 ಆರ್ ಚೆನ್ನಾಗಿದೆ, ಆದರೆ ಅದಕ್ಕೆ 25,000 ಡಾಲರಿಗೂ ಮೇಲೆ, ತೂಕ 500 ಪೌಂಡಿಗೂ ಹೆಚ್ಚು. ನಿಮ್ಮದು ಸುಮಾರು 400 ಪೌಂಡ್. 18 ಅಡಿಯ ದೋಣಿಯ ತುದಿಯಲ್ಲಿ ಆ ನೂರು ಪೌಂಡಿನ ಅಂತರ ಸಣ್ಣದಲ್ಲ.

ಹಾಗಾಗಿಯೇ ನಿಗದಿತ ಸಮಯದ ತರಗತಿಯನ್ನು ಒತ್ತಿ ಹೇಳುತ್ತಿದ್ದೇನೆ. ಅಲ್ಲಿ ಭಾರದ ಫೋರ್-ಸ್ಟ್ರೋಕೂ, ಹಳೆಯ ಟು-ಸ್ಟ್ರೋಕೂ, ಮುಂದೆ ಬಂದರೆ ವಿದ್ಯುತ್ ಎಂಜಿನ್ನೂ ಒಂದೇ ಗಡಿಯಾರದ ಎದುರು ಓಡಬಹುದು. ವಿದ್ಯುತ್ ದೋಣಿಗಳ ಇ1 ಸರಣಿ 2024ರಲ್ಲಿ ಜೆಡ್ಡಾದಲ್ಲಿ ಆರಂಭವಾಗಿದೆ. ಅದು ಕುಬೇರರ ಆಟ, ನಮ್ಮ ಕೆರೆಗೆ ಇಳಿಯಲು ಬಹಳ ಕಾಲ ಬೇಕು. ಊರಿನಲ್ಲಿ ಇದನ್ನು ಆರಂಭಿಸಬಹುದೇ ಎಂದು ನೀವು ಕೊನೆಯಲ್ಲಿ ಕೇಳಿದ್ದಕ್ಕೆ ಚಿಕ್ಕದಾಗಿ ಹೇಳುವುದಾದರೆ, 2018ರ ನವೆಂಬರಿನಲ್ಲಿ ಅಮರಾವತಿಯ ಬಳಿ ಕೃಷ್ಣಾ ನದಿಯಲ್ಲಿ ಫಾರ್ಮುಲಾ ಒನ್ ಪವರ್‌ಬೋಟ್ ಸ್ಪರ್ಧೆ ನಡೆದಿದೆ, ಆದರೆ ಅದು ಸರಕಾರದ ಬೆಂಬಲದಿಂದ ಹೊರಗಿನಿಂದ ಬಂದು ಹೋದ ಸರ್ಕಸ್ಸು. ಹವ್ಯಾಸಿಗಳ ಕೂಟಕ್ಕೆ ಬೇಕಾದ ರಕ್ಷಣಾ ದೋಣಿ, ಮುಳುಗುಗಾರರು, ವಿಮೆ ಇವಿಷ್ಟು ಹೊಂದುವವರೆಗೆ ಲಿಂಗನಮಕ್ಕಿಯ ಹಿನ್ನೀರನ್ನು ಅದರ ಪಾಡಿಗೆ ಬಿಟ್ಟುಬಿಡಿ.

ಸದ್ಯಕ್ಕೆ ಟ್ರಾನ್ಸಮ್‌ನ ಒಳಬದಿಯ, ಎಂಜಿನ್ ಬೋಲ್ಟುಗಳ ಹತ್ತಿರದ ಎರಡು ಚಿತ್ರಗಳನ್ನು ಇಲ್ಲಿ ಹಾಕಿ. ಎಂಜಿನ್ನಿನ ಆರು ಸಿಲಿಂಡರುಗಳ ಕಂಪ್ರೆಷನ್ (ಒಳಗಿನ ಒತ್ತಡ) ಅಳೆದು ಆ ಆರು ಅಂಕಿಗಳನ್ನೂ ಬರೆಯಿರಿ. ಗೇಜು ಇಲ್ಲದಿದ್ದರೆ ಮುಂದಿನ ತಿಂಗಳು ನಾನು ಹ್ಯೂಸ್ಟನ್ ಕಡೆಗೆ ಬರುವಾಗ ತರುತ್ತೇನೆ. ಅಲ್ಲಿಯವರೆಗೆ ಆ ಎಂಜಿನ್ನನ್ನು ಪೂರ್ತಿ ಥ್ರಾಟಲಿನಲ್ಲಿ ಓಡಿಸಬೇಡಿ.