ಟಿಇಟಿಯಲ್ಲಿ ನಾಲ್ಕು ಅಂಕ ಕಡಿಮೆ: ತುಮಕೂರಿನ ಒಬ್ಬ ಶಿಕ್ಷಕಿಯ ಪ್ರಕರಣ

ಗುರುತು ಸಿಗದ ಹಾಗೆ ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರು ಒಪ್ಪಿಗೆ ಕೊಟ್ಟಿದ್ದಾರೆ.

ಸಲಹೆ ಕೇಳಲು ನನ್ನ ಹತ್ತಿರ ಬಂದವರು 34 ವರ್ಷದ ಶಿಕ್ಷಕಿ, ಜೊತೆಗೆ ಅವರ ಗಂಡ. ತವರು ಕೊರಟಗೆರೆ ಕಡೆಯ ಹಳ್ಳಿ. ಮದುವೆಯಾದ ಮೇಲೆ ತುಮಕೂರು. ಪಿಸಿಎಂನಲ್ಲಿ ಬಿಎಸ್ಸಿ, ಆಮೇಲೆ ಬಿಎಡ್. ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಹೇಳಿಕೊಡುತ್ತಾರೆ. ಸಂಬಳ ಹದಿನಾಲ್ಕು ಸಾವಿರ, ಬೇಸಿಗೆ ರಜೆಯಲ್ಲಿ ಅರ್ಧ. ಮಗನಿಗೆ ಆರು ವರ್ಷ.

ಕೂತ ತಕ್ಷಣ ಗಂಡ, "ಮೇಡಂ, ನೀವೇ ಇವಳಿಗೆ ಒಂಚೂರು ಬುದ್ಧಿ ಹೇಳಿ" ಎಂದರು. ವಿಷಯ ಇಷ್ಟು. ಆಕೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆ (ಆರರಿಂದ ಎಂಟನೇ ತರಗತಿಗೆ ಕಲಿಸುವವರದ್ದು) ಬರೆದಿದ್ದರು. 150ಕ್ಕೆ 86 ಬಂತು. ಆಕೆಯ ಪ್ರವರ್ಗಕ್ಕೆ ಬೇಕಿದ್ದದ್ದು 60 ಪರ್ಸೆಂಟ್, ಅಂದರೆ 90. ನಾಲ್ಕು ಅಂಕಕ್ಕೆ ಹೋಯಿತು. ಈಗ ಶಾಲೆಗೆ ರಾಜೀನಾಮೆ ಕೊಟ್ಟು, ಮಗನನ್ನು ಅಜ್ಜಿ ಹತ್ತಿರ ಬಿಟ್ಟು, ಬೆಂಗಳೂರಿನ ವಿಜಯನಗರದಲ್ಲಿ ಪಿಜಿ ಹಿಡಿದು ಕೋಚಿಂಗ್ ಸೇರಬೇಕು ಅಂತ ಅವರ ಹಟ. ಹಿಂದೆಯೂ ಒಮ್ಮೆ ಹೀಗೇ ಕೆಲಸ ಬಿಟ್ಟು ಮನೆಯಲ್ಲಿ ಕೂತು ಓದಿದ್ದರಂತೆ. ಆ ಸಲವೂ ಪಾಸಾಗಲಿಲ್ಲ. ಮತ್ತೆ ಕೆಲಸ ಹುಡುಕಿದಾಗ ಮೊದಲಿಗಿಂತ ಕಡಿಮೆ ಸಂಬಳ ಸಿಕ್ಕಿತು.

ಗಂಡನಿಗೆ ಹೊರಗೆ ಕಾಫಿ ಕುಡಿದು ಬರಲು ಹೇಳಿದೆ. ಇಬ್ಬರನ್ನೂ ಎದುರು ಕೂರಿಸಿಕೊಂಡರೆ ಇಂಥ ಮಾತು ನ್ಯಾಯ ಪಂಚಾಯ್ತಿ ಆಗಿಬಿಡುತ್ತದೆ.

ಒಬ್ಬರೇ ಇದ್ದಾಗ ಆಕೆ ಹೇಳಿದ್ದು ಬೇರೆ. "ಸ್ಕೂಲಿಂದ ಬಂದ್ಮೇಲೆ ಅಡುಗೆ, ಮಗನ ಹೋಂವರ್ಕ್, ಅತ್ತೆ ಮಾತ್ರೆ. ಒಂಬತ್ತೂವರೆಗೆ ಪುಸ್ತಕ ತೆಗೆದ್ರೆ ಕಣ್ಣು ಎಳೆಯುತ್ತೆ. ಮನೇಲಿದ್ರೆ ನಾನು ಓದಲ್ಲ ಮೇಡಂ." ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ವಾಟ್ಸಾಪ್ ಗುಂಪುಗಳಲ್ಲಿ "ಈ ವಾರ ನೋಟಿಫಿಕೇಶನ್ ಗ್ಯಾರಂಟಿ" ಅನ್ನುವ ಮೆಸೇಜ್ ಓದುತ್ತಾ ಕೂರುತ್ತಿದ್ದರು. ಊಟ ಸೇರುತ್ತಿರಲಿಲ್ಲ. ಸಾಯಬೇಕು ಅನ್ನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳದೆ ಬಿಟ್ಟರೆ ಒಳಗೇ ಉಳಿಯುತ್ತದೆ. ಇಲ್ಲ ಎಂದರು. ಆದರೂ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿದೆ. ದಿನದ ಯಾವ ಹೊತ್ತಿಗೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಗುಂಪುಗಳಿಂದ ಹೊರಬರಲು ಹೇಳಿದ್ದೇ ನನ್ನ ಮೊದಲ ಸಲಹೆ. ನೇಮಕಾತಿ ಅಧಿಸೂಚನೆ ಇಲಾಖೆಯ ವೆಬ್‌ಸೈಟಿನಲ್ಲೇ ಬರುತ್ತದೆ, ಅರ್ಜಿಗೆ ಸಮಯವೂ ಇರುತ್ತದೆ. ರಾತ್ರಿ ಮೂರಕ್ಕೆ ಅದನ್ನು ಕಾಯುವ ಅಗತ್ಯ ಯಾರಿಗೂ ಇಲ್ಲ.

ಮುಂದಿನ ಸಲ ಬರುವಾಗ ಓಎಂಆರ್ (ಉತ್ತರ ಗುರುತು ಹಾಕಿದ ಹಾಳೆಯ) ಪ್ರತಿ ಮತ್ತು ಕೀ ಉತ್ತರ ತರಲು ಹೇಳಿದ್ದೆ. ಇಬ್ಬರೂ ಕೂತು ತಾಳೆ ನೋಡಿದೆವು. ಗಣಿತ-ವಿಜ್ಞಾನದಲ್ಲಿ 60ಕ್ಕೆ 44. ಕನ್ನಡದಲ್ಲಿ 30ಕ್ಕೆ 17. ಶಿಶು ವಿಕಾಸ ಮತ್ತು ಬೋಧನಾ ವಿಧಾನದಲ್ಲಿ 30ಕ್ಕೆ 13. ಇಂಗ್ಲಿಷ್‌ನಲ್ಲಿ 30ಕ್ಕೆ 12. ನಾನು ಕೇಳಿದೆ, "ಹೋದ ಆರು ತಿಂಗಳಲ್ಲಿ ಏನು ಓದಿದ್ರಿ?" ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಣಿತ" ಎಂದರು.

ಇದು ಇವರೊಬ್ಬರ ಕಥೆ ಅಲ್ಲ. ಸುಸ್ತಾದ ಮನಸ್ಸು ಗೊತ್ತಿರುವ ವಿಷಯದ ಕಡೆಗೇ ಹೋಗುತ್ತದೆ. ಲೆಕ್ಕ ಬಿಡಿಸಿದರೆ ಉತ್ತರ ಬರುತ್ತದೆ, ಓದಿದ ಸಮಾಧಾನ ಸಿಗುತ್ತದೆ. ಮಕ್ಕಳ ಬೆಳವಣಿಗೆಯ ಸಿದ್ಧಾಂತ ಕೊಟ್ಟ ಪಿಯಾಜೆ, ವೈಗಾಟ್‌ಸ್ಕಿ, ಕೋಲ್ಬರ್ಗ್ ಎಂದರೆ ಬಿಎಡ್‌ನಲ್ಲಿ ಬಾಯಿಪಾಠ ಮಾಡಿ ಮರೆತ ಹೆಸರುಗಳು. ಸಂಧಿ, ಸಮಾಸ, ವಿಭಕ್ತಿ ಎಂದರೆ ಹತ್ತನೇ ಕ್ಲಾಸಿಗೇ ಬಿಟ್ಟದ್ದು. ಆದರೆ ಇಂಗ್ಲಿಷ್ ಸೇರಿಸಿಕೊಂಡರೆ ಆ ಪತ್ರಿಕೆಯ 150 ಅಂಕದಲ್ಲಿ 90 ಅಂಕ ಇರುವುದು ಅಲ್ಲೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ. ಬೆಂಗಳೂರಿಗೆ ಹೋಗಿದ್ದರೆ ಅಲ್ಲೂ ಗಣಿತವನ್ನೇ ಓದುತ್ತಿದ್ದರು ಅಂತ ನನಗೆ ಅನ್ನಿಸಿತು. ಹಾಗೇ ಹೇಳಿದೆ. ಮೊದಲ ಸಲ ನಕ್ಕರು.

ಹಾಗಾಗಿ ಓದಿನ ಪಟ್ಟಿ ಸಣ್ಣದಾಯಿತು. ಗಣಿತದ ಪುಸ್ತಕ ಬೀರುವಿಗೆ. ಕನ್ನಡಕ್ಕೆ ಆರರಿಂದ ಹತ್ತನೇ ತರಗತಿಯ ಸರ್ಕಾರಿ ಪಠ್ಯಪುಸ್ತಕ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಇಂಗ್ಲಿಷ್‌ಗೂ ಅವೇ. ಶಿಶು ವಿಕಾಸಕ್ಕೆ ಒಂದೇ ನಿಯಮ ಹೇಳಿದೆ: ಒಂದು ಸಿದ್ಧಾಂತ ಓದಿದರೆ, ಅದು ಕಾಣುವ ಒಬ್ಬ ಮಗುವನ್ನು ನಿಮ್ಮ ಕ್ಲಾಸಿನಲ್ಲಿ ಹುಡುಕಿ. ಪಕ್ಕದ ಹುಡುಗಿ ಒಂದು ಹೆಜ್ಜೆ ತೋರಿಸಿದ ಮೇಲೆ ಭಿನ್ನರಾಶಿ ಲೆಕ್ಕ ಮಾಡುವ ಹುಡುಗ ಇದ್ದಾನಲ್ಲ, ವೈಗಾಟ್‌ಸ್ಕಿ ಹೇಳಿದ್ದು ಅವನ ವಿಷಯವೇ. ಕ್ಲಾಸಿನ ಒಳಗಿಂದಲೇ ಪ್ರಶ್ನೆ ಬರುವ ಪರೀಕ್ಷೆಗೆ ಕ್ಲಾಸು ಬಿಟ್ಟು ಓದುವುದು ಯಾಕೆ?

ಆಮೇಲೆ ಗೊತ್ತಾಯಿತು, ಕೆಲಸ ಬಿಡುವ ಮಾತಿನ ಹಿಂದೆ ಇನ್ನೊಂದು ಸಿಟ್ಟಿತ್ತು. ಸೇರುವಾಗ ಶಾಲೆಯವರು ಬಿಎಡ್ ಮತ್ತು ಡಿಗ್ರಿಯ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿದ್ದರು. "ವರ್ಷದ ಮಧ್ಯ ಬಿಟ್ಟು ಹೋಗಬಾರದು ಅಂತ." ನೇಮಕಾತಿ ಪತ್ರ ಕೊಟ್ಟಿರಲಿಲ್ಲ. ಪಿಎಫ್ ಕಟ್ಟುತ್ತಾರೋ ಇಲ್ಲವೋ ಆಕೆಗೆ ಗೊತ್ತಿಲ್ಲ. ಕೇಳಿದರೆ ಕೆಲಸದಿಂದ ತೆಗೆಯುತ್ತಾರೆ ಅನ್ನುವ ಭಯ. ನಮ್ಮ ಜಿಲ್ಲೆಯಲ್ಲಿ ನನ್ನ ಹತ್ತಿರ ಬರುವ ಖಾಸಗಿ ಶಾಲೆಯ ಶಿಕ್ಷಕರಲ್ಲಿ ಈ ಮಾತು ಹೊಸದಲ್ಲ.

ನಾನು ವಕೀಲೆ ಅಲ್ಲ. ಆದರೂ ಗೊತ್ತಿದ್ದಷ್ಟು ಹೇಳಿದೆ. ಒರಿಜಿನಲ್‌ಗಳನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಆಡಳಿತ ಮಂಡಳಿಗೆ ಇಲ್ಲ. ಅವನ್ನು ನೋಡಿ, ಜೆರಾಕ್ಸ್ ಇಟ್ಟುಕೊಂಡು ವಾಪಸ್ ಕೊಡಬೇಕು. ರಾಜ್ಯ ಪಠ್ಯಕ್ರಮದ ಶಾಲೆಯಾದ್ದರಿಂದ 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಇದೆ. ವಿಚಾರಣೆ ಇಲ್ಲದೆ ಸುಮ್ನೆ "ನಾಳೆಯಿಂದ ಬರಬೇಡಿ" ಅನ್ನುವಂತಿಲ್ಲ. ಹಾಗೆ ತೆಗೆದರೆ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚುಟಿ (ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಕೊಡುವ ಇಡಿಗಂಟು) ಸಿಗಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆರು ವರ್ಷ ಒಂದೇ ಕಡೆ ದುಡಿದವರು ಹಿಂದೆ ಮುಂದೆ ನೋಡದೆ ರಾಜೀನಾಮೆ ಬರೆದರೆ ಇದರ ಲೆಕ್ಕವೇ ಮರೆತುಹೋಗುತ್ತದೆ.

ಆದರೆ ಕಾಯ್ದೆ ಹಿಡಿದು ಹೋಗಿ ಅಂತ ನಾನು ಹೇಳಲಿಲ್ಲ. ಮೊದಲು ಉಮಂಗ್ ಆಪ್‌ನಲ್ಲಿ ಪಿಎಫ್ ಖಾತೆ ನೋಡಿ ಎಂದೆ. ಆಮೇಲೆ ಹೆಡ್ ಮೇಡಂಗೆ ನಾಲ್ಕು ಸಾಲಿನ ಪತ್ರ: ಟಿಇಟಿ ಮತ್ತು ನೇಮಕಾತಿ ಅರ್ಜಿಗೆ ಮೂಲ ದಾಖಲೆ ಬೇಕು, ವರ್ಷದ ಮಧ್ಯ ಕೆಲಸ ಬಿಡುವುದಿಲ್ಲ ಎಂದು ಬರೆದುಕೊಡುತ್ತೇನೆ. ಪತ್ರದ ಎರಡನೇ ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಕೊಡದಿದ್ದರೆ ಅದೇ ಪ್ರತಿ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಪತ್ರವನ್ನು ನನ್ನ ಮೇಜಿನ ಮೇಲೇ ಬರೆದರು. ಮೂರು ಸಲ ಹರಿದು ಬರೆದರು. ಮೊದಲನೆಯದರಲ್ಲಿ ಕ್ಷಮೆ ಜಾಸ್ತಿ ಇತ್ತು.

ದಾಖಲೆಗಳ ಮಾತು ಬಂದಾಗ ಇನ್ನೂ ಒಂದು ವಿಷಯ ಹೊರಬಂತು. ಆಕೆ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರು. ಸರ್ಕಾರಿ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೂ ಕನ್ನಡ ಮಾಧ್ಯಮದವರಿಗೂ ಮೀಸಲಾತಿ ಇದೆ. ಆಕೆ ಎರಡೂ ಪ್ರಮಾಣಪತ್ರ ಮಾಡಿಸಿರಲಿಲ್ಲ. "ನೋಟಿಫಿಕೇಶನ್ ಬಂದ್ಮೇಲೆ ಮಾಡಿಸಿದ್ರಾಯ್ತು ಅಂತ." ಹಾಗೆ ಕಾಯುವವರೇ ಕೊನೇ ದಿನಗಳಲ್ಲಿ ಶಾಲೆ, ಬಿಇಒ ಕಚೇರಿ, ನಾಡಕಚೇರಿ ಅಂತ ಓಡಾಡುವುದು. ಓದಿದ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಆಮೇಲೆ ಆ ತಾಲ್ಲೂಕಿನ ಬಿಇಒ ಮೇಲುಸಹಿ ಬೇಕು. ತುಮಕೂರು ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆ ಇದೆ ಅನ್ನುವುದನ್ನೂ ನೆನಪಿಸಿದೆ. ಕೊರಟಗೆರೆ ಬರುವುದು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ. ಇಲ್ಲಿನ ಕಚೇರಿಯಲ್ಲಿ ಕ್ಯೂ ನಿಂತು ಉಪಯೋಗವಿಲ್ಲ.

ಮದುವೆಯಾದವರಿಗೆ ಜಾತಿ-ಆದಾಯ ಪ್ರಮಾಣಪತ್ರ ಅಪ್ಪನ ಹೆಸರಲ್ಲೋ ಗಂಡನ ಹೆಸರಲ್ಲೋ? 2022ರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ಇದೇ ಪ್ರಶ್ನೆ ಕೋರ್ಟ್ ಮೆಟ್ಟಿಲೇರಿತ್ತು. ಪಕ್ಕದ ಮನೆಯವರು ಹೇಳಿದ್ದನ್ನು ನಂಬಬೇಡಿ, ಅಧಿಸೂಚನೆ ಬಂದಾಗ ಆ ಸಾಲನ್ನು ನೀವೇ ಓದಿ ಎಂದೆ. ಅಂದಹಾಗೆ, ಆ ನೇಮಕಾತಿಯಲ್ಲಿ ಅಷ್ಟೂ ಹುದ್ದೆ ತುಂಬಲಿಲ್ಲ. ಸೀಟು ಇಲ್ಲ ಅಂತ ಎದೆಗುಂದುವವರಿಗೆ ಇದನ್ನು ಹೇಳುತ್ತಿರುತ್ತೇನೆ.

ಗಂಡ ಒಂದು ಸಲಹೆ ಕೊಟ್ಟರು: ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಹೋದರೆ? 2025ರ ಬಜೆಟ್ಟಿನಲ್ಲಿ ಗೌರವಧನಕ್ಕೆ ಎರಡು ಸಾವಿರ ಸೇರಿದ ಮೇಲೂ ಪ್ರಾಥಮಿಕಕ್ಕೆ ಹನ್ನೆರಡು ಸಾವಿರ, ಪ್ರೌಢಶಾಲೆಗೆ ಹನ್ನೆರಡೂವರೆ. ಶೈಕ್ಷಣಿಕ ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಕೆಲಸವಿಲ್ಲದೆ ಕೂತವರಿಗೆ, ಹಳ್ಳಿಯಲ್ಲೇ ಇರುವವರಿಗೆ ಇದು ಒಳ್ಳೆಯ ದಾರಿ. ಇವರಿಗೆ ಬೇಡ ಎಂದೆ.

ಇಷ್ಟೆಲ್ಲ ಆದರೂ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. "ನಿಮ್ಮ ಪಾಠದ ಬಗ್ಗೆ ಯಾರಾದರೂ ನಿಮ್ಮ ಜೊತೆ ಕೊನೆಯ ಸಲ ಮಾತಾಡಿದ್ದು ಯಾವಾಗ?" ಎಂದು ಕೇಳಿದ್ದೆ. ತುಂಬಾ ಹೊತ್ತು ಯೋಚಿಸಿ ಹೇಳಿದರು: "ಇನ್ಸ್‌ಪೆಕ್ಷನ್‌ಗೆ ಬಂದೋರು ಬೋರ್ಡ್ ಕ್ಲೀನಾಗಿಲ್ಲ ಅಂದಿದ್ರು." ಇಷ್ಟು ವರ್ಷ ಮಕ್ಕಳಿಗೆ ಬೀಜಗಣಿತ ಕಲಿಸಿದವರಿಗೆ ಸಿಕ್ಕ ಮಾತು ಅದೊಂದೇ. ಸರ್ಕಾರಿ ಶಾಲೆಯ ಶಿಕ್ಷಕರಿಗೆ ಅಕ್ಕಪಕ್ಕದ ಶಾಲೆಗಳ ಕ್ಲಸ್ಟರ್ ಸಭೆ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ) ತರಬೇತಿ ಅಂತ ಏನೋ ಒಂದು ಇದೆ. ಬೈದುಕೊಂಡಾದರೂ ಒಟ್ಟಿಗೆ ಕೂರುತ್ತಾರೆ. ಖಾಸಗಿ ಶಾಲೆಯವರಿಗೆ ಸ್ಟಾಫ್ ರೂಮಿನಲ್ಲಿ ನೋಟ್ಸ್ ತಿದ್ದುವ ಹತ್ತು ನಿಮಿಷ ಬಿಟ್ಟರೆ ಏನೂ ಇಲ್ಲ. ಆಕೆಗೆ ಸರ್ಕಾರಿ ಕೆಲಸ ಬೇಕಿದ್ದದ್ದು ಸಂಬಳಕ್ಕೆ ಮಾತ್ರ ಅಲ್ಲ. "ನಾನೂ ಟೀಚರ್" ಅಂತ ಯಾರಾದರೂ ಒಪ್ಪಲಿ ಅಂತ. ಈ ಹಸಿವನ್ನು ಕೋಚಿಂಗ್ ಸೆಂಟರ್ ತೀರಿಸುವುದಿಲ್ಲ.

ಅದಕ್ಕೇ ಜೊತೆಗಾರರನ್ನು ಹುಡುಕಲು ಹೇಳಿದೆ. ಒಬ್ಬರು ಅವರ ರಸ್ತೆಯಲ್ಲೇ ಇದ್ದರು. ಸರ್ಕಾರಿ ಪ್ರಾಥಮಿಕ ಶಾಲೆಯ ಹಿರಿಯ ಮೇಡಂ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವ ಹಳೆಯ ಶಿಕ್ಷಕರೂ ಎರಡು ವರ್ಷದಲ್ಲಿ ಟಿಇಟಿ ಪಾಸಾಗಬೇಕು. ಆ ಮೇಡಂ ಕೂಡ ಗಾಬರಿಯಾಗಿ ಪುಸ್ತಕ ತೆಗೆದಿದ್ದರು. ಅವರಿಗೆ ಕನ್ನಡ, ಶಿಶು ವಿಕಾಸ ಸಲೀಸು, ಗಣಿತ ಕಷ್ಟ. ಇವರಿಗೆ ಉಲ್ಟಾ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಒಟ್ಟಿಗೆ ಕೂರುವುದು ಅಂತಾಯಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲ ವಿಜ್ಞಾನ ಮಾಸಪತ್ರಿಕೆಗೆ ಚಂದಾ ಕಟ್ಟಿ, ಅವರ ಜಿಲ್ಲಾ ಸಮಿತಿಯ ಕಾರ್ಯಕ್ರಮಗಳಿಗೆ ಹೋಗಿಬನ್ನಿ ಎಂದೂ ಹೇಳಿದೆ. ಅಲ್ಲಿ ಯಾವ ಶಾಲೆಯವರು ಅಂತ ಯಾರೂ ಕೇಳುವುದಿಲ್ಲ.

ಭಾನುವಾರದ ಎರಡು ಗಂಟೆಗೆ ಮನೆಯಲ್ಲಿ ಯಾರು ಅಡುಗೆ ಮಾಡಬೇಕು ಅನ್ನುವುದು ನಿಜವಾದ ಜಗಳ. ಗಂಡನನ್ನು ಆಗ ಒಳಗೆ ಕರೆದೆ. "ಬುದ್ಧಿ ಹೇಳಿ ಅಂದ್ರಲ್ಲ ಸರ್, ನಿಮಗೂ ಸ್ವಲ್ಪ ಇದೆ" ಎಂದೆ. ತಿಂಡಿ, ಮಗ, ಅಮ್ಮನ ಮಾತ್ರೆ ಅವರ ಪಾಲಿಗೆ. ಮೊದಲ ಎರಡು ವಾರ ಹೋಟೆಲಿಂದ ಇಡ್ಲಿ ಬಂತಂತೆ. ಬರಲಿ ಬಿಡಿ. ಅತ್ತೆಯವರ ಗೊಣಗಾಟ ಮಾತ್ರ ಇವತ್ತಿಗೂ ನಿಂತಿಲ್ಲ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಮಾರ್ಕ್ಸ್ ಕಾರ್ಡ್ ತಕ್ಷಣ ಸಿಗಲಿಲ್ಲ. "ನೋಡೋಣ" ಎಂದು ತಿಂಗಳು ಎಳೆದರು. ಬಿಇಒ ಕಚೇರಿಗೆ ಹೋಗುತ್ತೇನೆ ಎಂದ ಮೇಲೆ ಕೊಟ್ಟರು. ಪಿಎಫ್ ಮೂರು ವರ್ಷದ್ದು ಮಾತ್ರ ಜಮೆ ಆಗಿತ್ತು. ಉಳಿದದ್ದರ ವಿಚಾರ ಇನ್ನೂ ನಡೆಯುತ್ತಿದೆ. ನಿದ್ದೆ ಸರಿಹೋಗಿದೆ. ಮುಂದಿನ ಟಿಇಟಿಯಲ್ಲಿ 101 ಬಂತು, ಗಣಿತ-ವಿಜ್ಞಾನದಲ್ಲಿ ಹಿಂದಿಗಿಂತ ಎರಡು ಅಂಕ ಕಡಿಮೆ ಬಂದೂ. ಟಿಇಟಿ ಪಾಸಾದರೆ ಕೆಲಸ ಸಿಕ್ಕಂತಲ್ಲ, ನೇಮಕಾತಿಗೆ ಬೇರೆ ಸ್ಪರ್ಧಾತ್ಮಕ ಪರೀಕ್ಷೆ ಇದೆ. ಆದರೆ ಆ ಸರ್ಟಿಫಿಕೇಟಿಗೆ ಈಗ ಜೀವನಪೂರ್ತಿ ಮಾನ್ಯತೆ, ಮತ್ತೆ ಬರೆಯಬೇಕಿಲ್ಲ. ಖಾಸಗಿ ಶಾಲೆಗಳೂ ಅದನ್ನು ಕೇಳುತ್ತವೆ.

ಕಳೆದ ಬಾರಿ ಫೋನ್ ಮಾಡಿದಾಗ ಊರಿನಲ್ಲೇ ಇನ್ನೊಂದು ಶಾಲೆಯಿಂದ ಡೆಮೊ ಕ್ಲಾಸಿಗೆ ಕರೆದಿದ್ದಾರೆ ಎಂದರು. ಸಂಬಳ ಇಪ್ಪತ್ತೆರಡು ಅನ್ನುತ್ತಿದ್ದಾರಂತೆ. ಒರಿಜಿನಲ್ ತೋರಿಸುತ್ತೇನೆ, ಕೊಡುವುದಿಲ್ಲ, ಮೊದಲು ನೇಮಕಾತಿ ಪತ್ರ ಎಂದು ಆಗಲೇ ಹೇಳಿದ್ದಾರೆ. ಡೆಮೊಗೆ ಭಿನ್ನರಾಶಿ ತೆಗೆದುಕೊಳ್ಳಲಾ, ಬೆಳಕಿನ ವಕ್ರೀಭವನ ತೆಗೆದುಕೊಳ್ಳಲಾ ಮೇಡಂ ಎಂದು ಕೇಳಿದರು. ಅದನ್ನು ಭಾನುವಾರ ಆ ಮೇಡಂ ಹತ್ತಿರ ಕೇಳಿ ಎಂದೆ.